ಬೆಲೆ ಹುಟ್ಟುವುದು ಗಲ್ಲಾ ಹತ್ತಿರ ಅಲ್ಲ, ಪುಟ್ಟಿ

ಹಾಸನ,
ಭಾನುವಾರ

ಚಿ. ಸೌ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅತ್ತೆಯ ಮಂಡಿನೋವು ಈಗ ಪರವಾಗಿಲ್ಲ. ನೀನು ಮೊನ್ನೆ ಫೋನಿನಲ್ಲಿ ಹೇಳಿದ್ದನ್ನು ಕೇಳಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಎಲ್ಲ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮೂರಿಗೆ ದೊಡ್ಡ ಡಿಸ್ಕೌಂಟ್ ಅಂಗಡಿ ಬರುತ್ತಿದೆ ಎಂದೆ. ಅವರಿಗಿಂತ ಒಂದು ರೂಪಾಯಿ ಕಮ್ಮಿಗೆ ಮಾರುತ್ತೇನೆ, ಬ್ಯಾಂಕಿನಲ್ಲಿ ಸಾಲ ಮಾಡಿ ಕಡೂರಿನಲ್ಲೊಂದು, ತರೀಕೆರೆಯಲ್ಲೊಂದು ಅಂಗಡಿ ಹಾಕುತ್ತೇನೆ ಎಂದೆ. ನಿನ್ನ ಧೈರ್ಯ ನನಗೆ ಇಷ್ಟ. ನಿಮ್ಮಪ್ಪ ತೀರಿಕೊಂಡ ಮೇಲೆ ಆ ಅಂಗಡಿಯನ್ನು ನೀನು ನಡೆಸಿದ ರೀತಿ ನೋಡಿ ಎಷ್ಟೋ ಸಲ ಹೆಮ್ಮೆಪಟ್ಟಿದ್ದೇನೆ. ಆದರೆ ಈ ಎರಡು ಕೆಲಸ ಬೇಡ ಮಗಳೇ.

ನಾನು ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ದಿನಸಿ ಅಂಗಡಿ ಇಟ್ಟಿದ್ದಾಗ ಪಕ್ಕದಲ್ಲೇ ಇನ್ನೊಂದು ಅಂಗಡಿ ಬಂತು. ಅವರು ಸಕ್ಕರೆಯನ್ನು ನನಗಿಂತ ಕೆ.ಜಿ.ಗೆ 50 ಪೈಸೆ ಕಮ್ಮಿಗೆ ಕೊಡಲು ಶುರು ಮಾಡಿದರು. ನನಗೆ ರೋಷ ಬಂತು. ನಾನು ಇನ್ನೂ 25 ಪೈಸೆ ಇಳಿಸಿದೆ. ಅಂಗಡಿ ತುಂಬ ಜನವೋ ಜನ. ನಾಲ್ಕು ತಿಂಗಳಾದ ಮೇಲೆ ಸಗಟು ಮಂಡಿಯವರ ಬಾಕಿ ತೀರಿಸಲು ನಿನ್ನ ಅತ್ತೆಯ ಸರ ಅಡ ಇಟ್ಟೆ. ಜನ ಸಕ್ಕರೆ ಮಾತ್ರ ನನ್ನ ಹತ್ತಿರ ಒಯ್ದಿದ್ದರು, ಬೇಳೆ ಎಣ್ಣೆಯನ್ನು ಎಂದಿನ ಕಡೆಯೇ ಕೊಂಡಿದ್ದರು. ಆಮೇಲೆ ತಿಳಿಯಿತು, ಆತ ಕೈಯಲ್ಲಿ ದುಡ್ಡು ಹಿಡಿದು ಹೋಗಿ ಒಂದು ಲೋಡ್ ಪೂರ್ತಿ ಎತ್ತುತ್ತಿದ್ದ. ನಾನು ಐದೈದು ಮೂಟೆ ಸಾಲಕ್ಕೆ ತರುತ್ತಿದ್ದೆ. ಅವನ 50 ಪೈಸೆ ಮಂಡಿಯಲ್ಲೇ ಹುಟ್ಟಿತ್ತು. ನನ್ನ 75 ಪೈಸೆ ಮನೆಯ ಬಂಗಾರದಿಂದ ಹೋಗಿತ್ತು.

ಇದೇ ಕಥೆ ಅಮೆರಿಕದಲ್ಲಿ ದೊಡ್ಡದಾಗಿ ನಡೆದಿದೆ. ಕೆಮಾರ್ಟ್, ವಾಲ್‌ಮಾರ್ಟ್, ಟಾರ್ಗೆಟ್ ಎಂಬ ಮೂರು ಡಿಸ್ಕೌಂಟ್ ಅಂಗಡಿಗಳೂ ಶುರುವಾಗಿದ್ದು ಒಂದೇ ವರ್ಷ, 1962ರಲ್ಲಿ. ಕೆಮಾರ್ಟ್ ಹಿಂದೆ ದೊಡ್ಡ ಹಳೆಯ ಕಂಪನಿ ಇತ್ತು, ಅದು ಬೇಗ ಬೆಳೆಯಿತು. ವಾಲ್‌ಮಾರ್ಟಿನ ಸ್ಯಾಮ್ ವಾಲ್ಟನ್ ದೊಡ್ಡವರು ಕಣ್ಣು ಹಾಕದ ಸಣ್ಣ ಊರುಗಳನ್ನು ಹಿಡಿದರು. ನಮ್ಮ ಆಲೂರು, ಬೇಲೂರಿನಂಥ ಊರುಗಳು ಅಂದುಕೋ. ಆದರೆ ಸುಮ್ನೆ ಸಿಕ್ಕ ಕಡೆ ಅಂಗಡಿ ತೆರೆಯಲಿಲ್ಲ. ಮೊದಲು ಒಂದು ಉಗ್ರಾಣ, ಅದರಿಂದ ಲಾರಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದೊಳಗೆ ಅಂಗಡಿಗಳು. ಆ ಸುತ್ತು ತುಂಬಿದ ಮೇಲೆ ಮುಂದಿನ ಸುತ್ತು. 1987ರ ಹೊತ್ತಿಗೆ ಅಂಗಡಿಗಳನ್ನೆಲ್ಲ ಉಪಗ್ರಹದ ಮೂಲಕ ಜೋಡಿಸಿದ್ದರು. ಯಾವ ಊರಲ್ಲಿ ಯಾವ ಸೋಪು ಎಷ್ಟು ಖರ್ಚಾಯಿತು ಎಂದು ಮುಖ್ಯ ಕಚೇರಿಗೆ ತಕ್ಷಣ ಗೊತ್ತಾಗುತ್ತಿತ್ತು. ಮಾಲು ಕೊಳೆಯುತ್ತಿರಲಿಲ್ಲ, ಖಾಲಿಯೂ ಆಗುತ್ತಿರಲಿಲ್ಲ. ಬೆಲೆ ಕಮ್ಮಿಯಾಗಿದ್ದು ಇದರಿಂದ.

ಕೆಮಾರ್ಟ್ ಏನು ಮಾಡಿತು ಗೊತ್ತಾ? ವಾರವಾರ ರಿಯಾಯಿತಿ ಚೀಟಿ ಹಂಚಿ ಜನರನ್ನು ಕರೆಯುತ್ತಿತ್ತು. ರಿಯಾಯಿತಿ ಇದ್ದ ವಾರ ಮಾಲು ಸಾಲದು, ಇಲ್ಲದ ವಾರ ಕೊಳ್ಳುವವರಿಲ್ಲ. ಈ ಏರಿಳಿತಕ್ಕೆ ಉಗ್ರಾಣ, ಲಾರಿ ಯಾವುದೂ ಹೊಂದುವುದಿಲ್ಲ. ಇದರ ಜೊತೆಗೆ ಪುಸ್ತಕದ ಅಂಗಡಿ, ಕ್ರೀಡೆಯ ಸಾಮಾನಿನ ಅಂಗಡಿ, ಮನೆ ಕಟ್ಟುವ ಸಾಮಾನಿನ ಅಂಗಡಿ ಎಂದು ಬೇರೆ ಕಂಪನಿಗಳನ್ನು ಕೊಳ್ಳುತ್ತಾ ಹೋದರು. ಮುಖ್ಯ ಅಂಗಡಿಗಳು ಮಾತ್ರ ಹಳತಾದವು. 1990ರ ಹೊತ್ತಿಗೆ ಮಾರಾಟದಲ್ಲಿ ವಾಲ್‌ಮಾರ್ಟ್ ಮುಂದೆ ಹೋಗಿಬಿಟ್ಟಿತು. ಕೊನೆಗೆ 2001ರಲ್ಲಿ ಕೆಮಾರ್ಟ್ ನೀನು ಈಗ ಹೇಳುತ್ತಿರುವ ಕೆಲಸವನ್ನೇ ಮಾಡಿತು. ವಾಲ್‌ಮಾರ್ಟಿನ ಜೊತೆ ನೇರವಾಗಿ ಬೆಲೆಯಲ್ಲಿ ಸೆಣಸಲು ಇಳಿಯಿತು, ಚೀಟಿ ಹಂಚುವುದನ್ನೂ ಕಡಿಮೆ ಮಾಡಿತು. ಆ ಕಡೆಯವರು ತಮ್ಮ ಬೆಲೆಯನ್ನು ಇನ್ನೂ ಇಳಿಸಿದರು. ಅವರ ಖರ್ಚೇ ಕಮ್ಮಿ, ತಡೆದುಕೊಂಡರು. 2002ರ ಜನವರಿಯಲ್ಲಿ ಕೆಮಾರ್ಟ್ ದಿವಾಳಿ ಎಂದು ಕೋರ್ಟಿಗೆ ಹೋಯಿತು.

ಅಂಥ ವಾಲ್‌ಮಾರ್ಟ್ ಕೂಡ ಜರ್ಮನಿಯಲ್ಲಿ ಗೆಲ್ಲಲಿಲ್ಲ. ಅಲ್ಲಿ ಆಲ್ಡಿ ಎಂಬ ಅಂಗಡಿಯವರು ಸ್ವಲ್ಪವೇ ಬಗೆಯ ಸಾಮಾನು ಇಟ್ಟು ಮೊದಲೇ ಇನ್ನೂ ಅಗ್ಗಕ್ಕೆ ಕೊಡುತ್ತಿದ್ದರು. 2006ರಲ್ಲಿ ವಾಲ್‌ಮಾರ್ಟ್ ಅಂಗಡಿಗಳನ್ನು ಮಾರಿ ವಾಪಸ್ ಹೋಯಿತು.

ಇನ್ನು ಕಡೂರು, ತರೀಕೆರೆ ವಿಷಯ. 1997ರಲ್ಲಿ ಚೆನ್ನೈಯಲ್ಲಿ ಸುಭಿಕ್ಷ ಎಂಬ ಅಗ್ಗದ ದಿನಸಿ ಅಂಗಡಿಗಳ ಕಂಪನಿ ಶುರುವಾಯಿತು. ಹತ್ತು ಹನ್ನೆರಡು ವರ್ಷದೊಳಗೆ ದೇಶದ ತುಂಬ ಸುಮಾರು 1600 ಅಂಗಡಿ. 2009ರ ಹೊತ್ತಿಗೆ ಕೈಯಲ್ಲಿ ದುಡ್ಡಿಲ್ಲ, ಸಂಬಳವಿಲ್ಲ, ಬಾಡಿಗೆ ಬಾಕಿ, ಬಾಗಿಲು ಬಂದ್. ರಾಧಾಕಿಶನ್ ದಮಾನಿಯವರ ಡಿಮಾರ್ಟ್ ನೋಡು. ಮೊದಲ ಅಂಗಡಿ 2002ರಲ್ಲಿ ಮುಂಬೈಯ ಪೊವೈನಲ್ಲಿ. ಷೇರು ಮಾರುಕಟ್ಟೆಗೆ ಬಂದ 2017ರಲ್ಲಿ, ಅಂದರೆ 15 ವರ್ಷವಾದ ಮೇಲೂ, ಅಂಗಡಿ ಸುಮಾರು 130 ಅಷ್ಟೇ. ಆದಷ್ಟು ಜಾಗವನ್ನು ಸ್ವಂತಕ್ಕೇ ಕೊಂಡರು, ಬಾಡಿಗೆಯ ಕಾಟ ಇಟ್ಟುಕೊಳ್ಳಲಿಲ್ಲ. ಮಾಲು ಕೊಟ್ಟವರಿಗೆ ಬೇರೆಯವರಿಗಿಂತ ಬೇಗ ದುಡ್ಡು ಕೊಟ್ಟರು, ಅದಕ್ಕೆ ಬದಲಾಗಿ ಬೆಲೆ ಇಳಿಸಿಕೊಂಡರು.

ಇದನ್ನು ಓದುವಾಗ ನನಗೆ ನಿನ್ನ ಅಂಗಡಿಯೇ ಕಣ್ಣ ಮುಂದೆ ಬಂತು. ನಿಮ್ಮಪ್ಪ ಕಟ್ಟಿಸಿದ ಕಟ್ಟಡ ಅದು. ನಿನಗೆ ಬಾಡಿಗೆ ಇಲ್ಲ! ಕಡೂರಿಗೆ ಹೋದರೆ ಅಡ್ವಾನ್ಸು, ಬಾಡಿಗೆ, ಎರಡು ಆಳಿನ ಸಂಬಳ, ಬ್ಯಾಂಕಿನ ಬಡ್ಡಿ. ನಿನ್ನ ದೊಡ್ಡ ಬಲವನ್ನು ನೀನೇ ಕೈಬಿಟ್ಟ ಹಾಗೆ ಆಗುವುದಿಲ್ಲವಾ?

ಒಂದು ಲೆಕ್ಕ ಹಾಕಿ ನೋಡು. 100 ರೂಪಾಯಿಗೆ ತಂದ ಬೇಳೆಯನ್ನು 108ಕ್ಕೆ ಮಾರುತ್ತೀಯ ಅಂದುಕೋ. 3 ರೂಪಾಯಿ ಇಳಿಸಿದರೆ ಉಳಿಯುವುದು 5. ಮೊದಲು 100 ಕೆ.ಜಿ. ಮಾರಿ ಬರುತ್ತಿದ್ದ ದುಡ್ಡು ಬರಬೇಕಾದರೆ ಈಗ 160 ಕೆ.ಜಿ. ಹೋಗಬೇಕು. ಹೊಸ ಅಂಗಡಿ ಬಂದು ಗಿರಾಕಿಗಳೇ ಹಂಚಿಹೋಗುವಾಗ ಆ 60 ಕೆ.ಜಿ. ಕೊಳ್ಳುವವರು ಯಾರು?

ಹಾಗಾದರೆ ಏನು ಮಾಡುವುದು ಅಂತೀಯ. ಸಕ್ಕರೆ, ಎಣ್ಣೆ, ಸೋಪಿನ ಪುಡಿಯಲ್ಲಿ ಅವರೇ ಗೆಲ್ಲಲಿ, ಬಿಡು. ನಿನ್ನಲ್ಲಿ ಬಿಸ್ಕತ್ತೇ ಎಷ್ಟು ಬಗೆ ಇದೆ, ಹೋದ ಸಲ ಬಂದಾಗ ನೋಡಿದೆ. ಅಮೆರಿಕದ ಕಾಸ್ಟ್‌ಕೋ ಅಷ್ಟು ದೊಡ್ಡ ಅಂಗಡಿಯಲ್ಲೂ ಇಡುವುದು ಸುಮಾರು 4000 ಬಗೆ ಮಾತ್ರ. ಒಂದೊಂದನ್ನೂ ರಾಶಿ ರಾಶಿ ಕೊಳ್ಳುವುದರಿಂದ ಅವರಿಗೆ ಕಮ್ಮಿಗೆ ಸಿಗುತ್ತದೆ. ನೀನೂ ಅರ್ಧ ಬಗೆ ತೆಗೆದುಹಾಕು. ಅದರಿಂದ ಬಿಡಿಸಿದ ದುಡ್ಡಿನಲ್ಲಿ ಬೇಳೆ, ಬೆಲ್ಲವನ್ನು ಕ್ಯಾಶ್ ಕೊಟ್ಟು ಕೊಳ್ಳು. ನಿನ್ನ ಹಾಗೆಯೇ ಹೆದರಿರುವ ಇನ್ನೂ ಮೂರು ನಾಲ್ಕು ಅಂಗಡಿಯವರು ನಿಮ್ಮ ರಸ್ತೆಯಲ್ಲಿ ಇದ್ದೇ ಇರುತ್ತಾರೆ. ಅವರ ಜೊತೆ ಸೇರಿ ಕಲಬುರಗಿ ತೊಗರಿಬೇಳೆಯನ್ನು ಒಂದೇ ಲೋಡಿನಲ್ಲಿ ತರಿಸಿ ಹಂಚಿಕೊಳ್ಳಿ. ಅವರನ್ನು ಕೇಳುವುದಕ್ಕೆ ಸಂಕೋಚ ಪಡಬೇಡ.

ನಿಮ್ಮಪ್ಪ ಕಾಫಿಪುಡಿಗೆ ಎಷ್ಟು ಗಮನ ಕೊಡುತ್ತಿದ್ದರು ನೆನಪಿದೆಯಾ? ಯಾರ ಮನೆಗೆ ಎಷ್ಟು ಚಿಕೋರಿ ಬೆರೆಸಬೇಕು ಎಂಬುದು ಅವರಿಗೆ ಬಾಯಿಪಾಠ. ಈಗ ಅದು ಒಂದು ಮೂಲೆಗೆ ಹೋಗಿದೆ. ಅದನ್ನು ಮುಂದಕ್ಕೆ ತಾ. ಕಣ್ಣೆದುರೇ ಬೀಸಿ ಬಿಸಿಬಿಸಿ ಪುಡಿ ಕೊಡು. ಬೇಕೆಂದವರಿಗೆ ಮೆಣಸು, ಜೀರಿಗೆಯನ್ನು 50 ಗ್ರಾಂ ಕೂಡ ಬಿಡಿಯಾಗಿ ತೂಗು. ಬಟವಾಡೆ ದಿನ ತೋಟದ ಆಳುಗಳು ಬರುವ ಹೊತ್ತಿಗೆ ಅಂಗಡಿ ಒಂದು ಗಂಟೆ ಜಾಸ್ತಿ ತೆರೆದಿರಲಿ.

ಸಾಲದ ಪುಸ್ತಕ ಮುಚ್ಚುತ್ತೇನೆ ಎಂದೂ ಹೇಳಿದೆ. ಪೂರ್ತಿ ಮುಚ್ಚಬೇಡ. ಕಾಫಿ ಮಾರಿದ ಮೇಲೆ ತಪ್ಪದೆ ತಂದುಕೊಡುವ ಮನೆಗಳಿಗೆ ಇರಲಿ, ಒಂದು ಮಿತಿ ಹಾಕು. ಎರಡು ವರ್ಷದಿಂದ ಎಳೆಯುತ್ತಿರುವವರಿಗೆ ಇವತ್ತೇ ನಿಲ್ಲಿಸು. ಬೇಜಾರಾದರೂ ಪರವಾಗಿಲ್ಲ.

ಮೊದಲ ಆರು ತಿಂಗಳು ವ್ಯಾಪಾರ ಬಿದ್ದೇ ಬೀಳುತ್ತದೆ. ಎಲ್ಲರೂ ಹೊಸ ಅಂಗಡಿ ನೋಡಲು ಹೋಗುತ್ತಾರೆ, ನಿನ್ನ ಗೆಳತಿಯರೂ ಹೋಗುತ್ತಾರೆ. ಆಗ ಗಾಬರಿಯಾಗಿ ಬೆಲೆ ಇಳಿಸಬಾರದು, ನನಗೆ ಇರುವ ಭಯ ಅದೊಂದೇ. ಆ ಆರು ತಿಂಗಳ ಖರ್ಚಿಗೆ ಆಗುವಷ್ಟು ಈಗಲೇ ಬ್ಯಾಂಕಿನಲ್ಲಿ ಬೇರೆ ತೆಗೆದಿಡು. ಸಾಲದ ದುಡ್ಡಿನಲ್ಲಿ ಅಲ್ಲ, ನಿನ್ನದೇ ದುಡ್ಡಿನಲ್ಲಿ.

ಬ್ಯಾಂಕಿನ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ ತಾನೆ? ನಾನು ಗುರುವಾರ ಬೆಳಗ್ಗೆ ಬೇಲೂರು ಮೇಲಿನ ಬಸ್ಸಿಗೆ ಬರುತ್ತೇನೆ. ಮೂರು ವರ್ಷದ ಖರೀದಿ ಬಿಲ್ಲುಗಳನ್ನು ತೆಗೆದಿಡು, ಕೂತು ಒಂದೊಂದಾಗಿ ನೋಡೋಣ. ಅತ್ತೆ ನಿನಗೆ ಹುರಳಿಕಾಳು ಕಟ್ಟಿಟ್ಟಿದ್ದಾಳೆ, ತರುತ್ತೇನೆ.

ನಿನ್ನ ಮಾವ