ಪ್ರಶಸ್ತಿ ಬಂತು, ಶಾಲು ಕೊಟ್ಟಾಯ್ತು

ಈ ಸಲದ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಕೋಲಾರದ ನಮ್ಮ ಶಾಸನ ಹುಡುಕುವ ಬಳಗಕ್ಕೂ ಬಂತು. ಫೋನ್ ಮಾಡಿದವರಿಗೆ, ಮೆಸೇಜು ಹಾಕಿದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗಲಿಲ್ಲ. ಎಲ್ಲರಿಗೂ ಇಲ್ಲೇ ಥ್ಯಾಂಕ್ಸ್.

'ಕಲ್ಲು ಓದಿದರೆ ಏನಪ್ಪಾ ಸಿಗುತ್ತೆ' ಅಂತ ನಗುತ್ತಿದ್ದವರು ಈಗ 'ನಮ್ಮ ಹೊಲದಲ್ಲೂ ಒಂದಿದೆ, ಬನ್ನಿ' ಅನ್ನುತ್ತಿದ್ದಾರೆ. ಪ್ರಶಸ್ತಿಯಿಂದ ಆದ ದೊಡ್ಡ ಲಾಭ ಇದೇ.

ಮೊದಲ ನಮಸ್ಕಾರ ಬಿ.ಎಲ್. ರೈಸ್ ಅವರಿಗೆ, ಅವರ ಜೊತೆ ದುಡಿದ ಪಂಡಿತರಿಗೆ. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷ್ ಅಧಿಕಾರಿ ರೈಸ್ ಹಳೇ ಮೈಸೂರಿನ ಊರೂರಿನ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕೋಲಾರದ್ದು ಹತ್ತನೇ ಸಂಪುಟ, 1905ರದು. ಇವತ್ತಿಗೂ ನಾವು ಹೊರಡುವುದು ಅದರಲ್ಲಿರುವ ಶಾಸನದ ನಂಬರು ಹಿಡಿದುಕೊಂಡೇ. ಮುಖಪುಟದಲ್ಲಿ ಇರುವುದು ರೈಸ್ ಹೆಸರೊಂದೇ. ಬಿಸಿಲಲ್ಲಿ ಕೂತು ಅಕ್ಷರ ಬಿಡಿಸಿದವರು ಎಷ್ಟು ಜನವೋ!

ಆಮೇಲೆ ನಮ್ಮ ಮೇಷ್ಟ್ರು. ಅಚ್ಚು ತೆಗೆಯುವುದನ್ನು ಕಲಿಸಿದವರು ಅವರೇ. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಅಕ್ಷರದ ಗುಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯಬೇಕು. ಸ್ವಲ್ಪ ಆರಿದ ಮೇಲೆ ಮಸಿ ಒತ್ತಬೇಕು. ಆಗ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಏಳುತ್ತದೆ. ಕಾಗದ ಹರಿದರೆ ಅವರು ಬೈಯುತ್ತಿರಲಿಲ್ಲ. 'ಇನ್ನೊಂದು ನೆನೆಸು' ಅಷ್ಟೇ.

ಪ್ರಶಸ್ತಿಗೆ ಹಾಕಿದ ಅರ್ಜಿಯ ವಿಷಯ ಒಂದು ಹೇಳಲೇಬೇಕು. ನಮ್ಮನ್ನು ನಾವೇ ಹೊಗಳಿಕೊಂಡು, ಪೇಪರ್ ಕಟಿಂಗ್ ಅಂಟಿಸಿ ಕೊಡುವುದು ಮುಜುಗರದ ಕೆಲಸ. ನಾವು ಓದುವ ವೀರಗಲ್ಲುಗಳ ಜನ ಯಾರಿಗೂ ಅರ್ಜಿ ಕೊಟ್ಟಿರಲಿಲ್ಲ. ಹೊಡೆದುಕೊಂಡು ಹೋದವರಿಂದ ಊರ ದನ ಬಿಡಿಸಲು ಹೋಗಿ ಸತ್ತರು. ಊರವರು ಕಲ್ಲು ನಿಲ್ಲಿಸಿದರು, ಎಷ್ಟೋ ಕಡೆ ಮನೆಯವರಿಗೆ ಹೊಲವನ್ನೂ ಬಿಟ್ಟರು. ಮದ್ದೂರು ತಾಲ್ಲೂಕಿನ ಆತಕೂರಲ್ಲಂತೂ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೇ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟಿದ್ದಾರೆ. ಹತ್ತನೇ ಶತಮಾನದ ಮಾತಿದು. ಅದೇ ಕಲ್ಲಿನಲ್ಲಿ, ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದ ಸುದ್ದಿಯೂ ಇದೆ. ರಾಜರ ಗೆಲುವಿನ ಪಕ್ಕದಲ್ಲೇ ಒಂದು ನಾಯಿಗೂ ಜಾಗ ಸಿಕ್ಕಿತಲ್ವಾ! ನನಗಂತೂ ಅದು ಎಲ್ಲಕ್ಕಿಂತ ಇಷ್ಟವಾದ ಶಾಸನ.

ಹೊಲದ ರೈತರಿಗೆ ಎಷ್ಟು ಹೇಳಿದರೂ ಕಡಿಮೆಯೇ. ನಿಧಿ ಆಸೆಗೆ ಕಲ್ಲು ಕೀಳುವವರ ಕಾಟ ನಮ್ಮ ಕಡೆ ಇದ್ದೇ ಇದೆ. ಜೆಸಿಬಿ ಬಂದರೆ ಮೊದಲು ಹೋಗುವುದೂ ಇಂಥ ಕಲ್ಲೇ. ಎಷ್ಟೋ ಊರಲ್ಲಿ ಅಜ್ಜಿಯರು ಅರಿಶಿನ ಕುಂಕುಮ ಹಚ್ಚುತ್ತಾ ಬಂದಿದ್ದಕ್ಕೇ ಅವು ಉಳಿದಿವೆ. ಅಕ್ಷರ ಮುಚ್ಚಿಹೋಗುತ್ತೆ ಅಂತ ನಾವು ಗೊಣಗಿದ್ದೂ ಉಂಟು. ಕಲ್ಲೇ ಇಲ್ಲದಿದ್ದರೆ ಓದುವುದೇನು?

ಪ್ರಶಸ್ತಿಯ ಹಣ ಕೆರೆ ಏರಿ ಪಕ್ಕ ಬಿದ್ದಿರುವ ಎರಡು ವೀರಗಲ್ಲುಗಳಿಗೆ ಕಟ್ಟೆ ಕಟ್ಟಿಸಲು ಹೋಗುತ್ತದೆ. ಹಾರ ದೇವಸ್ಥಾನಕ್ಕೆ ಹೋಯಿತು. ಹಣ್ಣಿನ ಬುಟ್ಟಿ ಬಸ್ಸಲ್ಲೇ ಖಾಲಿ. ಮಳೆಯಲ್ಲಿ ತನ್ನ ಟ್ರಾಕ್ಟರ್ ತಂದು, ದುಡ್ಡು ಬೇಡ ಅಂದು, ಮೂರು ಕಲ್ಲು ಎತ್ತಿಸಿಕೊಟ್ಟ ಅಣ್ಣನಿಗೆ ಶಾಲು ಕೊಟ್ಟಾಯ್ತು. ಬಳಗದವರು ಯಾರೂ ವಾಪಸ್ ಕೇಳಬೇಡಿ.