ಫ್ರೆಂಚ್ ಮಾತಿಗೆ ಇಂಗ್ಲಿಷ್ ಅಕ್ಷರದ ಹಂಗೇಕೆ?

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯ ಹತ್ತರಗಿಯ ಕಾರ್ಖಾನೆಗಳು ಫ್ರಾನ್ಸಿನಲ್ಲಿ ನೆಲೆಯಿರುವ ವಿಮಾನ ಕಂಪನಿ ಏರ್‌ಬಸ್‌ಗೆ ಬಿಡಿಭಾಗ ಮಾಡಿಕೊಡುತ್ತಿರುವಾಗ ಬೆಳಗಾವಿಯ ಹುಡುಗರು ನಾಲ್ಕು ಫ್ರೆಂಚ್ ಮಾತು ಕಲಿಯುವುದು ಒಳ್ಳೆಯದೇ. ಆದರೆ ಕೈಪಿಡಿಗಳಲ್ಲಿ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟಿರುತ್ತಾರೆ, ಅಲ್ಲೇ ಕೆಡುತ್ತದೆ. ಅದನ್ನು ಓದುವಾಗ ನಮ್ಮ ಬಾಯಲ್ಲಿ ಟ, ಡ ಬರುತ್ತವೆ. ಫ್ರೆಂಚರದು ನಾಲಿಗೆ ಹಲ್ಲಿಗೆ ತಾಗುವ ತ, ದ. ಅವರ ಪ, ತ, ಕಗಳಲ್ಲಿ ಉಸಿರು ಚಿಮ್ಮುವುದೂ ಇಲ್ಲ. ಕನ್ನಡದಲ್ಲಿ ಬರೆದುಕೊಂಡರೆ ಇಷ್ಟೂ ತಾನಾಗಿ ಸರಿಹೋಗುತ್ತದೆ.

ನಮ್ಮಲ್ಲಿಲ್ಲದ ಸ್ವರವೊಂದಿದೆ. 'ಈ' ಎನ್ನುತ್ತಲೇ ನಾಲಿಗೆ ಕದಲಿಸದೆ ತುಟಿಯನ್ನಷ್ಟೇ 'ಊ'ಗೆ ದುಂಡಗೆ ಮಾಡಬೇಕು. ನಾಲಿಗೆ ಹಿಂದೆ ಸರಿಯಿತೋ, 'ಮೇಲೆ' ಎನ್ನುವ 'ದಸ್ಯು' ಹೋಗಿ 'ಕೆಳಗೆ' ಎನ್ನುವ 'ದಸು' ಆಗುತ್ತದೆ. ಯಂತ್ರದ ಮುಂದೆ ನಿಂತಾಗ ಇದು ಸಣ್ಣ ತಪ್ಪಲ್ಲ.

ಅಂಗಡಿಯಾಗಲಿ ಕಚೇರಿಯಾಗಲಿ, ಮೊದಲು 'ಬೊಂಝೂರ್' (ನಮಸ್ಕಾರ), ಆಮೇಲೆ ಪ್ರಶ್ನೆ. 'ಬೊಂಝೂರ್' ಆದ ಮೇಲೆ ಗಂಡಸರಿಗೆ 'ಮಸ್ಯೋ', ಹೆಂಗಸರಿಗೆ 'ಮದಾಮ್' ಸೇರಿಸಿ. ನಮ್ಮ 'ರೀ' ಮಾಡುವ ಕೆಲಸ ಅವು ಮಾಡುತ್ತವೆ. ನೀವು, ನೀನು ಎಂಬ ಭೇದವೂ ಉಂಟು: 'ವು', 'ತ್ಯು'. ಅವರಾಗಿಯೇ 'ತ್ಯು'ಗೆ ಇಳಿಯುವ ತನಕ 'ವು' ಬಿಡಬೇಡಿ. ಕಾಫಿ ಬೇಕೇ ಎಂದಾಗ ಬರೀ 'ಮೆರ್ಸಿ' (ಧನ್ಯವಾದ) ಅಂದರೆ ಬೇಡವೆಂದು ತಿಳಿದಾರು, ಕಪ್ಪು ಹಿಂದೆ ಹೋದೀತು. ಬೇಕಿದ್ದರೆ 'ವೀ, ಸಿಲ್ ವು ಪ್ಲೆ' (ಹೌದು, ದಯವಿಟ್ಟು) ಎನ್ನಿ. ಮಾತು ತಿಳಿಯದಿದ್ದರೆ ತಲೆ ಆಡಿಸುತ್ತ ಕೂರದೆ 'ಝ ನೆ ಪಾ ಕೊಂಪ್ರಿ' ಅಂದುಬಿಡಿ. ಸಾವಕಾಶ ಹೇಳಿ ಎನ್ನಲು 'ಪ್ಲ್ಯು ಲಾಂತ್‌ಮಾಂ'.

ನಿಜವಾಗಿ ಎಡವುವುದು ಅಂಕಿಗಳಲ್ಲಿ. ಫ್ರಾನ್ಸಿನಲ್ಲಿ 70 ಎಂದರೆ ಅರವತ್ತು-ಹತ್ತು, 80 ಎಂದರೆ ನಾಲ್ಕಿಪ್ಪತ್ತು, 90 ಎಂದರೆ ನಾಲ್ಕಿಪ್ಪತ್ತು-ಹತ್ತು. (ಇಪ್ಪತ್ತರ ಲೆಕ್ಕ ಹಾಕುವ ಹಳ್ಳಿ ಹಿರಿಯರಿಗೆ ಇದು ಬೇಗ ಹತ್ತೀತು!) 75ಕ್ಕೆ 'ಸುವಸಾಂತ್ ಕ್ಯಾಂಜ್', ಅಂದರೆ ಅರವತ್ತು-ಹದಿನೈದು. 'ಸುವಸಾಂತ್' ಕಿವಿಗೆ ಬಿದ್ದ ಕೂಡಲೇ 6 ಬರೆದವರು ಕೆಟ್ಟರು. ಅಲ್ಲಿ ಹತ್ತಂಕಿಯ ಫೋನ್ ನಂಬರನ್ನು ಎರಡೆರಡಾಗಿ ಹೇಳುತ್ತಾರೆ. ಜೋಡಿ ಪೂರ್ತಿ ಕೇಳಿಯೇ ಪೆನ್ನು ಊರಬೇಕು. ಡ್ರಾಯಿಂಗ್‌ನಲ್ಲಿ 12,5 ಎಂದಿದ್ದರೆ ಹನ್ನೆರಡೂವರೆ ಮಿಲಿಮೀಟರ್, ಅಲ್ಲಿ ಅಲ್ಪವಿರಾಮವೇ ದಶಮಾಂಶದ ಚುಕ್ಕೆ. ಇಮೇಲ್‌ನಲ್ಲಿ ಇಂಗ್ಲಿಷಿನ ಡಿಲೇಯಂತೆ ಕಾಣುವ 'ದೆಲೆ' ಕಂಡು ಗಾಬರಿ ಬೇಡ. ಅದು ಮಾಲು ಕೊಡಲು ಇರುವ ಅವಧಿ ಅಷ್ಟೇ. ತಡಕ್ಕೆ ಅವರು 'ರತಾರ್' ಅನ್ನುತ್ತಾರೆ.

ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳು ಸಂಜೆ ತರಗತಿ ತೆರೆಯಲಿ. ಆದರೆ ಕ್ರಿಯಾಪದದ ಪಟ್ಟಿ ಉರು ಹೊಡೆಸುವುದರಿಂದ ಶುರು ಮಾಡುವುದು ಬೇಡ. ಮೊದಲ ತಿಂಗಳು ದಿನಕ್ಕೆ ಹತ್ತು ನಿಮಿಷ 60ರಿಂದ 99ರವರೆಗಿನ ಅಂಕಿಗಳ ಉಕ್ತಲೇಖನ ಬರೆಸಲಿ.

– ಒಬ್ಬ ಫ್ರೆಂಚ್ ಶಿಕ್ಷಕ, ಟಿಳಕವಾಡಿ, ಬೆಳಗಾವಿ