ಫೋಟೊದಲ್ಲಿರುವುದು ಎಂಐ-8 ಅಲ್ಲ, ಎಂಐ-4

ಮಾನ್ಯ ಸಂಪಾದಕರೇ,

1971ರ ಯುದ್ಧದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಆಗಿನ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ, ನಮ್ಮ ಸೈನಿಕರನ್ನು ಮೇಘನಾ ನದಿ ದಾಟಿಸಿದ ಹೆಲಿಕಾಪ್ಟರಿನ ಫೋಟೊ ಕೆಳಗೆ ‘ಎಂಐ-8 ಯುದ್ಧ ಹೆಲಿಕಾಪ್ಟರ್’ ಅಂತ ಹಾಕಿದ್ದೀರಿ. ಅದು ಎಂಐ-4. ಹುಟ್ಟಿದ್ದೇ ಜನ, ಸಾಮಾನು ಹೊರುವುದಕ್ಕೆ.

ಗುರುತು ಹಿಡಿಯುವುದು ಸುಲಭ. ಮೂತಿ ನೋಡಿ. ಎಂಐ-8ಕ್ಕೆ ಎರಡು ಟರ್ಬೈನ್ ಎಂಜಿನ್, ಎರಡೂ ನೆತ್ತಿಯ ಮೇಲೆ. ಎಂಐ-4ಕ್ಕೆ ಒಂದೇ ಎಂಜಿನ್, 14 ಸಿಲಿಂಡರಿನದು, ಅದೂ ಮೂತಿಯೊಳಗೆ. ಅದಕ್ಕೇ ಮುಂಭಾಗ ಊದಿಕೊಂಡಿದೆ, ಪೈಲಟ್‌ಗಳು ಅಟ್ಟದ ಮೇಲೆ ಕೂತಂತೆ ಕಾಣುತ್ತಾರೆ. ಎಂಜಿನ್ನಿನಿಂದ ಶಾಫ್ಟ್ ಓರೆಯಾಗಿ ಮೇಲಕ್ಕೆ ಹೋಗಿ ನೆತ್ತಿಯ ಫ್ಯಾನ್ ತಿರುಗಿಸುತ್ತದೆ. ಇಷ್ಟೆಲ್ಲ ಸುತ್ತಿ ಬಳಸಿ ಮಾಡಿದ್ದು ಸುಮ್ನೆ ಅಲ್ಲ. ಸೈನಿಕರು ಕೂರುವ ಜಾಗ ಸರಿಯಾಗಿ ಫ್ಯಾನಿನ ಕೆಳಗೆ ಬಂತು. ಅವರೆಲ್ಲ ಒಟ್ಟಿಗೆ ಕೆಳಗೆ ಹಾರಿದರೂ ಗಾಡಿ ಮುಂದಕ್ಕೋ ಹಿಂದಕ್ಕೋ ವಾಲುವುದಿಲ್ಲ.

ಇಂಥದ್ದೇ ಮೂತಿ ಅಮೆರಿಕದ ಸಿಕೋರ್ಸ್ಕಿ ಎಸ್-55ಕ್ಕೂ ಇತ್ತು. ನಮ್ಮ ವಾಯುಪಡೆ 1954ರಲ್ಲಿ ತಂದ ಮೊದಲ ಹೆಲಿಕಾಪ್ಟರ್ ಅದೇ. ಕೊರಿಯಾ ಯುದ್ಧದಲ್ಲಿ ಅಮೆರಿಕದವರು ಹೆಲಿಕಾಪ್ಟರಿನಲ್ಲಿ ಸೈನಿಕರನ್ನು ಗುಡ್ಡದ ಮೇಲೆ ಇಳಿಸುತ್ತಿದ್ದ ಕಾಲದಲ್ಲಿ, 1951ರಲ್ಲಿ, ಸೋವಿಯತ್ ನಾಯಕ ಸ್ಟಾಲಿನ್ ತನ್ನ ವಿನ್ಯಾಸಕಾರರನ್ನು ಕರೆಸಿ ಒಂದು ವರ್ಷದೊಳಗೆ ನಮಗೂ ಬೇಕು ಎಂದ. ಅವರಲ್ಲೊಬ್ಬರಾದ ಮಿಖಾಯಿಲ್ ಮಿಲ್ ಮರುವರ್ಷವೇ ಎಂಐ-4 ಹಾರಿಸಿದರು. ಅದು ಎಸ್-55ಗಿಂತ ದೊಡ್ಡದು, ಹಿಂದೆ ಎರಡು ಕಡೆ ತೆರೆಯುವ ಬಾಗಿಲು. ಜೀಪನ್ನೇ ಒಳಗೆ ಹತ್ತಿಸಬಹುದಿತ್ತು.

ನಮ್ಮ ಅಪ್ಪ ವಾಯುಪಡೆಯಲ್ಲಿ ಇದೇ ಎಂಜಿನ್ನಿನ ಫಿಟ್ಟರ್ ಆಗಿದ್ದರು. ಒಂದು ದಿನವೂ ಅಂಗಿಗೆ ಆಯಿಲ್ ಮೆತ್ತಿಕೊಳ್ಳದೆ ಮನೆಗೆ ಬಂದವರಲ್ಲ. ಅಮ್ಮ ಆ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲೇ ನೆನೆಸಿಡುತ್ತಿದ್ದರು.

ಲೇಖನದಲ್ಲಿ ಮೇಘನಾ ದಾಟಿದ ಕತೆ ಎರಡೇ ಸಾಲಿಗೆ ಮುಗಿದಿದೆ. ಡಿಸೆಂಬರ್ 9ರಂದು ಆ ನದಿಯ ಮೇಲಿನ ಆಶುಗಂಜ್ ಸೇತುವೆಯನ್ನು ಪಾಕಿಸ್ತಾನಿ ಸೇನೆ ಸ್ಫೋಟಿಸಿತು. ನಮ್ಮ ಸೇನೆಯ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಸೇತುವೆಯ ಗೊಡವೆಯೇ ಬೇಡ ಎಂದು ಸೈನಿಕರನ್ನು ಹೆಲಿಕಾಪ್ಟರಿನಲ್ಲಿ ದಾಟಿಸಿದರು. ವಾಯುಪಡೆಯ ಕಡೆಯಿಂದ ಇದನ್ನು ನಡೆಸಿದವರು ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್. ಇದ್ದದ್ದು ಒಂದು ಡಜನ್ ಆಸುಪಾಸು ಎಂಐ-4. ನದಿಯ ಈಚೆ ಕಡೆಯ ಬ್ರಾಹ್ಮಣಬಾರಿಯಾ ಊರಿನ ಸ್ಟೇಡಿಯಮ್ಮಿನಿಂದ ಏರಿ, ಆಚೆ ದಡದಲ್ಲಿ ರಾತ್ರಿ ಟಾರ್ಚ್ ಬೆಳಕಿನಲ್ಲಿ ಇಳಿಯುತ್ತಿದ್ದವು. 36 ಗಂಟೆಯಲ್ಲಿ 110ಕ್ಕೂ ಜಾಸ್ತಿ ಸಲ ಓಡಾಡಿದವು. ಸಾಮಾನ್ಯವಾಗಿ 14 ಜನ ಕೂರುವ ಕಡೆ 23 ಜನರನ್ನು ತುಂಬಿದ್ದರು! ಹತ್ತಿರದ ದಾರಿಯಾದರೆ ಪೆಟ್ರೋಲ್ ಕಮ್ಮಿ ಹಾಕಿ ಆಳು ಜಾಸ್ತಿ ಹತ್ತಿಸಬಹುದು ಎನ್ನುವುದು ಅಪ್ಪ ಹೇಳುತ್ತಿದ್ದ ಲೆಕ್ಕ. ನಮ್ಮ ಹಳ್ಳಿ ಟೆಂಪೊದವರಿಗೂ ಗೊತ್ತಿರುವ ಲೆಕ್ಕವೇ, ಅಲ್ವಾ?

ಹೆಸರು ತಪ್ಪಿದ್ದಕ್ಕಿಂತ ‘ಯುದ್ಧ ಹೆಲಿಕಾಪ್ಟರ್’ ಅಂದದ್ದೇ ನನಗೆ ಜಾಸ್ತಿ ಚುಚ್ಚಿತು. ಗುಂಡು ಹಾರಿಸಿದ್ದಕ್ಕಲ್ಲ, ಹೊತ್ತು ದಾಟಿಸಿದ್ದಕ್ಕೇ ಢಾಕಾದ ದಾರಿ ತೆರೆದದ್ದು. ದಯವಿಟ್ಟು ತಿದ್ದುಪಡಿ ಹಾಕಿ. ಮುಂದಿನ ಡಿಸೆಂಬರಿನಲ್ಲಿ ಇದೇ ಫೋಟೊ ಮತ್ತೆ ಹೊರಗೆ ಬಂದಾಗ, ಮೊದಲು ಮೂತಿ ನೋಡಿ ಆಮೇಲೆ ಹೆಸರು ಬರೆಯಿರಿ.

– ನಿವೃತ್ತ ಶಿಕ್ಷಕ, ದಾವಣಗೆರೆ